ಸಹಾಯ ಬೇಕು: ಅಪ್ಪಯ್ಯನನ್ನು ಹಳೇ ಎಂಜಿಬಿಯಲ್ಲಿ ಕೂರಿಸೋದು ಹೇಗೆ?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ 1967ರ ಎಂಜಿಬಿ ಇದೆ, ಎರಡು ಸೀಟಿನ ಓಪನ್ ಕಾರು. ಅಪ್ಪಯ್ಯನಿಗೆ ಈಗ 71, ಎರಡೂ ಮಂಡಿ ನೋವು. ಈ ಕಾರಿಗೆ ಹತ್ತೋದು ಅಂತಿಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು. ಎಡಗಾಲು ಒಳಗಿಟ್ಟು ಕೂತಾಯಿತು ಅನ್ನುವಾಗ ಬಲ ಮಂಡಿ ಸ್ಟೀರಿಂಗಿಗೂ ಬಾಗಿಲ ಚೌಕಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಮುಂದಿನ ಗಾಜಿನ ಫ್ರೇಮ್ ಹಿಡಿದು ಜಗ್ಗುತ್ತಾರೆ. ಅದು ಅಲ್ಯೂಮಿನಿಯಂ, ನನಗೆ ಜೀವ ಬಾಯಿಗೆ ಬರುತ್ತದೆ.

ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ ನೋಡಿದೆ. ಸಲೀಸಾಗಿ ಒಳಗೆ ತಿರುಗಿದರು, ನಿಜ. ಆದರೆ ಮಂಡಗದ್ದೆ ತಿರುವಿನಲ್ಲೂ ಜಾರಿದರು! ಕೂತ ಮೇಲೆ ಅದನ್ನು ಎಳೆದು ತೆಗೆಯಬೇಕು ಅಂತ ಆಮೇಲೆ ಹೊಳೆಯಿತು. ಅವರು ತಗ್ಗಿನಲ್ಲಿ, ಕಾರು ದಿಬ್ಬದ ಮೇಲೆ ನಿಂತರೆ ಸೀಟು ಎತ್ತರಕ್ಕೆ ಸಿಗುತ್ತದೆ. ಅಂಗಳದಲ್ಲಿ ಸರಿ, ಪೇಟೆಯಲ್ಲಿ?

ಸೀಟಿಗೆ ದಪ್ಪ ಸ್ಪಂಜ್ ಹಾಕಿಸಿದರೆ ತೊಡೆ ಸ್ಟೀರಿಂಗಿಗೆ ತಾಗುತ್ತದೆ. ಅದಕ್ಕೇ ಕಳಚಿ ತೆಗೆಯುವ ಹಬ್ (ಸ್ಟೀರಿಂಗ್ ಚಕ್ರ ಕೂರುವ ನಡುಭಾಗ), ಈಗಿನದಕ್ಕಿಂತ ಚಿಕ್ಕದಾದ 14 ಇಂಚಿನ ಸ್ಟೀರಿಂಗ್ ಹಾಕಿಸುವ ಯೋಚನೆ. ಸ್ಟೀರಿಂಗ್ ಕಳಚುವಾಗ ಅದರ ನಡುವಿನ ಹಾರ್ನ್ ವೈರ್ ಏನು ಮಾಡಬೇಕು? ಶಿವಮೊಗ್ಗದಲ್ಲಿ ನಂಬಿ ಕೊಡಬಹುದಾದ ಲೇತ್‌ನವರು ಯಾರಿದ್ದಾರೆ? ಸೀಟಿನ ರೈಲ್ ಹಿಂದಕ್ಕೆ ಸರಿಸಿದವರಿದ್ದರೆ ಫೋಟೋ ಹಾಕಿ.

ಕಾರು ಮಾರಿ ಅನ್ನೋ ಸಲಹೆ ಮಾತ್ರ ಬೇಡ. ಅಪ್ಪಯ್ಯನೂ ಈ ಗುಂಪಿನಲ್ಲಿದ್ದಾರೆ.