ಫ್ರೆಂಚ್ ಇಮ್ಮರ್ಶನ್ ಒಂದನೆಯ ತರಗತಿ: ವಾರದ ಚಟುವಟಿಕೆಗಳ ಹಾಳೆಯನ್ನು ಫ್ರೆಂಚ್ ಬಾರದ ತಂದೆತಾಯಿ ಹೇಗೆ ನಿಭಾಯಿಸಬೇಕು?

ಪ್ರಶ್ನೆ (ಒಂದನೆಯ ತರಗತಿಯ ಮಗುವಿನ ತಾಯಿ, ಒಂಟಾರಿಯೊ, ಕೆನಡಾ)

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಈ ಸೆಪ್ಟೆಂಬರಿನಿಂದ ಫ್ರೆಂಚ್ ಇಮ್ಮರ್ಶನ್‌ನ ಒಂದನೆಯ ತರಗತಿಗೆ ಹೋಗುತ್ತಿದ್ದಾಳೆ, ಅಂದರೆ ಪಾಠಗಳನ್ನು ಫ್ರೆಂಚ್ ಭಾಷೆಯಲ್ಲೇ ಹೇಳಿಕೊಡುವ ತರಗತಿ. ಮನೆಯಲ್ಲಿ ನಾವು ಕನ್ನಡವನ್ನೇ ಮಾತನಾಡುತ್ತೇವೆ, ಆಟದ ಬಯಲಿನಲ್ಲಿ ಅವಳ ಮಾತು ಇಂಗ್ಲಿಷ್, ತರಗತಿಯ ಒಳಗೆ ಇಡೀ ದಿನ ಫ್ರೆಂಚ್. ನನಗಾಗಲಿ ನನ್ನ ಪತಿಗಾಗಲಿ ಫ್ರೆಂಚ್ ಒಂದಕ್ಷರವೂ ಬಾರದು.

ಪ್ರತಿ ಸೋಮವಾರ ಅವಳ ಚೀಲದಲ್ಲಿ ಒಂದು ಹಾಳೆ ಬರುತ್ತದೆ. ಅದರಲ್ಲಿ ಆ ವಾರದ ಒಂದು ಧ್ವನಿ, ಕಲಿಯಬೇಕಾದ ಎಂಟು ಪದಗಳು, ಬುಧವಾರಕ್ಕೆ 'ಕ್ವಾ ದ ನಫ್' ಎಂಬ ಮಾತಿನ ಸರದಿ, ಶುಕ್ರವಾರಕ್ಕೆ 'ದಿಕ್ತೇ', ಅಂದರೆ ಉಕ್ತಲೇಖನ, ಇವಿಷ್ಟು ಇರುತ್ತವೆ. ಜೊತೆಗೆ ಮನೆಯಲ್ಲಿ ಓದಲು ಒಂದು ಸಣ್ಣ ಪುಸ್ತಕ. ಕಳೆದ ವಾರ ಪದಗಳನ್ನು ನಾನು ಇಂಗ್ಲಿಷ್ ಓದುವ ಹಾಗೆ ಓದಿ ಬರೆಸಿದೆ. ಮಗು ನನ್ನ ಉಚ್ಚಾರವನ್ನೇ ಶಾಲೆಯಲ್ಲಿ ಹೇಳಿ, ಸಂಜೆ ಬಂದು "ಅಮ್ಮಾ, ನೀನು ಹೇಳಿಕೊಟ್ಟಿದ್ದು ಹಾಗಲ್ಲವಂತೆ" ಎಂದು ಅತ್ತಳು. ಆ ಅಳು ಇನ್ನೂ ನನ್ನ ಕಿವಿಯಲ್ಲಿದೆ.

ಫ್ರೆಂಚ್ ತಿಳಿಯದ ನಾವು ಈ ಹಾಳೆಯ ಜೊತೆ ಏನು ಮಾಡಬೇಕು? ಇಂಗ್ಲಿಷ್ ಶಾಲೆಗೆ ಹೋಗುವ ಅವಳ ವಯಸ್ಸಿನ ಮಕ್ಕಳು ಆಗಲೇ ಇಂಗ್ಲಿಷ್ ಓದುತ್ತಿರುವುದನ್ನು ಕಂಡು ಗಾಬರಿಪಡಬೇಕೇ? ಮೂರು ಭಾಷೆಗಳು ಹೆಚ್ಚಾದವು, ಕನ್ನಡವನ್ನು ಸ್ವಲ್ಪ ಕಾಲ ಬದಿಗಿಡಿ ಎಂದು ಹತ್ತಿರದವರೊಬ್ಬರು ಹೇಳುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಇಮ್ಮರ್ಶನ್ ಶಿಕ್ಷಕಿ)

ಮೇಡಂ, ನಾನು ಒಂದು ಮತ್ತು ಎರಡನೆಯ ತರಗತಿಗಳಿಗೆ ಫ್ರೆಂಚ್‌ನಲ್ಲಿ ಪಾಠ ಮಾಡುತ್ತೇನೆ. ಮೊದಲು ಒಂದು ಮಾತು: ಈ ವ್ಯವಸ್ಥೆ ಹುಟ್ಟಿದ್ದೇ ಫ್ರೆಂಚ್ ಬಾರದ ತಂದೆತಾಯಿಯರ ಮಕ್ಕಳಿಗಾಗಿ. 1965ರಲ್ಲಿ ಮಾಂಟ್ರಿಯಲ್ ಸಮೀಪದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಪೋಷಕರು ಒತ್ತಾಯಿಸಿ ಶಿಶುವಿಹಾರದಲ್ಲಿ ಇದನ್ನು ಆರಂಭಿಸಿದರು. ಆದ್ದರಿಂದ ಮನೆಯಲ್ಲಿ ಫ್ರೆಂಚ್ ಇಲ್ಲವೆಂಬುದು ನಿಮ್ಮ ಕೊರತೆಯಲ್ಲ, ನಮ್ಮ ಪಾಠದ ಯೋಜನೆಯೇ ಅದನ್ನು ಗಣನೆಗೆ ತೆಗೆದುಕೊಂಡು ಸಿದ್ಧವಾಗಿರುತ್ತದೆ.

ಆ ಹಾಳೆಯ ಹಿಂದೆ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದು ಗೊತ್ತಾದರೆ ನಿಮ್ಮ ಅರ್ಧ ಆತಂಕ ಕಡಿಮೆಯಾಗಬಹುದು. ವಾರದ ಧ್ವನಿ 'ಊ' ಎಂದು ಇಟ್ಟುಕೊಳ್ಳಿ. ಸೋಮವಾರ ನಾನು ಏನನ್ನೂ ಬರೆಯುವುದಿಲ್ಲ. ತೋಳಕ್ಕೆ 'ಲೂ', ಗೂಬೆಗೆ 'ಇಬೂ', ಕೆಂಪಿಗೆ 'ರೂಜ್' ಎಂದು ಚಿತ್ರಗಳನ್ನು ತೋರಿಸುತ್ತ, ಆ ಧ್ವನಿ ಕೇಳಿದಾಗಲೆಲ್ಲ ಮಕ್ಕಳು ಕೈ ಎತ್ತುವ ಆಟ ಆಡಿಸುತ್ತೇನೆ. ಮಂಗಳವಾರ ಅದೇ ಪದಗಳಿರುವ ಶಿಶುಪ್ರಾಸವನ್ನು ಎಲ್ಲರೂ ಸೇರಿ ಹೇಳುತ್ತಾರೆ. ಆಮೇಲಷ್ಟೇ ಓ ಮತ್ತು ಯು ಎಂಬ ಎರಡು ಅಕ್ಷರಗಳು ಕೂಡಿದರೆ 'ಊ' ಆಗುತ್ತದೆ ಎಂದು ಹಲಗೆಯ ಮೇಲೆ ತೋರಿಸಿ, ಪದಗಳನ್ನು ಗೋಡೆಯ ಪದಪಟ್ಟಿಗೆ ಅಂಟಿಸುತ್ತೇವೆ. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕಣ್ಣು, ಕೊನೆಗೆ ಕೈ, ಹೀಗೆ ಸಾಗಿ ಬಂದ ಪದವೇ ಶುಕ್ರವಾರ ಉಕ್ತಲೇಖನದಲ್ಲಿ ಕಾಣಿಸಿಕೊಳ್ಳುತ್ತದೆ. ಕಳೆದ ವಾರ ನಿಮ್ಮ ಮನೆಯಲ್ಲಿ ಆದದ್ದು ಇಷ್ಟೇ: ಕಿವಿಯ ಕೆಲಸ ಮುಗಿಯುವ ಮೊದಲೇ ಕೈಯ ಕೆಲಸ ಶುರುವಾಯಿತು. ಇದರಲ್ಲಿ ನಿಮ್ಮ ತಪ್ಪಿಗಿಂತ ಹಾಳೆಯ ತಪ್ಪೇ ಹೆಚ್ಚು. ಯಾವ ದಿನ ಏನು ಎಂಬುದನ್ನು ಶಿಕ್ಷಕರು ಅದರಲ್ಲಿ ವಿವರಿಸಬೇಕಿತ್ತು.

ಹಾಗಾಗಿ ನೀವು ಉಚ್ಚಾರ ಕಲಿಸುವ ಗೋಜಿಗೆ ಹೋಗಬೇಡಿ, ಮಗುವೇ ನಿಮಗೆ ಕಲಿಸಲಿ. "ಇದನ್ನು ನಿಮ್ಮ ಮೇಡಂ ಹೇಗೆ ಹೇಳಿದರು, ನನಗೂ ಹೇಳಿಕೊಡು" ಎಂದು ಕೇಳಿದರೆ ಅವಳು ಪದವನ್ನು ನೆನಪಿನಿಂದ ಹೊರತೆಗೆಯಬೇಕಾಗುತ್ತದೆ. ಮತ್ತೆ ಮತ್ತೆ ಕೇಳುವುದಕ್ಕಿಂತ ಹೀಗೆ ನೆನಪಿಸಿಕೊಂಡು ಹೇಳುವುದರಿಂದ ಪದ ಗಟ್ಟಿಯಾಗುತ್ತದೆ. ಅವಳಿಗೂ ಮರೆತಿದ್ದರೆ ಪದಗಳನ್ನು ಧ್ವನಿಮುದ್ರಿಸಿ ಕಳುಹಿಸುವಂತೆ ಶಿಕ್ಷಕರನ್ನು ಸಂಕೋಚವಿಲ್ಲದೆ ಕೇಳಿ.

ಬುಧವಾರದ 'ಕ್ವಾ ದ ನಫ್' ಎಂದರೆ 'ಏನು ಹೊಸದು' ಎಂದರ್ಥ. ಮಗು ಒಂದು ವಸ್ತುವನ್ನು ತಂದು ಎರಡು ಮೂರು ವಾಕ್ಯ ಹೇಳುತ್ತದೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಇಡೀ ವಾರದ ಚಟುವಟಿಕೆಗಳಲ್ಲಿ ನಾನು ಅತ್ಯಂತ ಮುಖ್ಯವೆಂದು ನಂಬಿರುವುದು ಇದನ್ನೇ. ಇಮ್ಮರ್ಶನ್ ಮಕ್ಕಳು ಕೇಳಿದ್ದನ್ನು ಬಹಳ ಚೆನ್ನಾಗಿ ಅರ್ಥಮಾಡಿಕೊಂಡರೂ ಮಾತು ಮತ್ತು ಬರವಣಿಗೆಯಲ್ಲಿ ಹಿಂದುಳಿಯುತ್ತಾರೆ ಎಂಬುದನ್ನು ಗಮನಿಸಿದ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ ಅವರು, ಭಾಷೆಯನ್ನು ಕಲಿಯಲು ಕೇಳಿಸಿಕೊಂಡರೆ ಸಾಲದು, ತಾವಾಗಿ ಆಡಬೇಕು ಎಂದು 1985ರಲ್ಲೇ ವಾದಿಸಿದ್ದರು. ಮಂಗಳವಾರ ರಾತ್ರಿ ಅವಳು ಏನನ್ನು ಹೇಳಬೇಕೆಂದಿದ್ದಾಳೆ ಎಂಬುದನ್ನು ಕನ್ನಡದಲ್ಲಿಯೇ ಚರ್ಚಿಸಿ. ಹೇಳಬೇಕಾದ ವಿಷಯ ಮನಸ್ಸಿನಲ್ಲಿ ಸ್ಪಷ್ಟವಾಗಿದ್ದರೆ ಫ್ರೆಂಚ್ ಪದಗಳನ್ನು ಹುಡುಕಲು ನಾನು ಸಹಾಯ ಮಾಡಬಲ್ಲೆ, ವಿಷಯವೇ ಇಲ್ಲದಿದ್ದರೆ ಯಾವ ಭಾಷೆಯಲ್ಲೂ ಮಾತು ಹೊರಡುವುದಿಲ್ಲ.

ಉತ್ತರ 2 (ಐದನೆಯ ತರಗತಿಯ ಮಗನ ತಂದೆ)

ನಿಮ್ಮ ಎರಡನೆಯ ಪ್ರಶ್ನೆಗೆ ನಮ್ಮ ಅನುಭವ ಹೇಳುತ್ತೇನೆ. ಒಂಟಾರಿಯೊದ ನಿಯಮದಂತೆ ಇಮ್ಮರ್ಶನ್ ಮಕ್ಕಳು ಎಂಟನೆಯ ತರಗತಿ ಮುಗಿಸುವ ವೇಳೆಗೆ ಕನಿಷ್ಠ 3,800 ಗಂಟೆಗಳ ಬೋಧನೆಯನ್ನು ಫ್ರೆಂಚ್‌ನಲ್ಲಿ ಪಡೆದಿರಬೇಕು. ಅಷ್ಟು ಸಮಯವನ್ನು ಎಲ್ಲಿಂದಲಾದರೂ ಹೊಂದಿಸಲೇಬೇಕಾದ್ದರಿಂದ ಆರಂಭದ ವರ್ಷಗಳಲ್ಲಿ ಫ್ರೆಂಚ್ ಹೆಚ್ಚು, ಇಂಗ್ಲಿಷ್ ಅತಿ ಕಡಿಮೆ ಅಥವಾ ಇಲ್ಲವೇ ಇಲ್ಲ. ನನ್ನ ಮಗ ಎರಡನೆಯ ತರಗತಿಯಲ್ಲಿ ಇಂಗ್ಲಿಷ್ ಪದಗಳನ್ನೂ ಫ್ರೆಂಚ್ ಕಾಗುಣಿತದಲ್ಲಿ ಬರೆಯುತ್ತಿದ್ದುದನ್ನು ಕಂಡು ನಾನು ನಿದ್ದೆಗೆಟ್ಟಿದ್ದೆ. ಶಾಲೆಯಲ್ಲಿ ಇಂಗ್ಲಿಷ್ ಪಾಠ ಆರಂಭವಾದ ಮೇಲೆ ಒಂದು ವರ್ಷದೊಳಗೆ ಅದು ಸರಿಹೋಯಿತು. ಸೇಂಟ್ ಲ್ಯಾಂಬರ್ಟ್ ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲೇಸ್ ಲ್ಯಾಂಬರ್ಟ್ ಅವರ ತಂಡವೂ ಇಂಗ್ಲಿಷ್‌ನಲ್ಲಿ ಮಕ್ಕಳು ಹೀಗೆ ಹಿಂದುಳಿಯುವುದು ತಾತ್ಕಾಲಿಕವೆಂದೇ ಕಂಡುಕೊಂಡಿತ್ತು.

ಮುಂದಿನ ವರ್ಷ ಗಣಿತದ ಹಾಳೆಯಲ್ಲಿ ಬೇರೊಂದು ತೊಡಕು ಎದುರಾಗುತ್ತದೆ, ಈಗಲೇ ತಿಳಿದಿರಲಿ. ಫ್ರೆಂಚ್‌ನಲ್ಲಿ ಎಪ್ಪತ್ತನ್ನು 'ಅರವತ್ತು ಹತ್ತು' ಎಂದೂ, ಎಂಬತ್ತನ್ನು 'ನಾಲ್ಕು ಇಪ್ಪತ್ತು' ಎಂದೂ, ತೊಂಬತ್ತೊಂಬತ್ತನ್ನು 'ನಾಲ್ಕು ಇಪ್ಪತ್ತು ಹತ್ತೊಂಬತ್ತು' ಎಂದೂ ಹೇಳುತ್ತಾರೆ. ಮಗ ಲೆಕ್ಕದಲ್ಲಿ ದಡ್ಡನೆಂದು ನಾನು ತಿಳಿದಿದ್ದೆ. ಅವನಿಗೆ ಕಷ್ಟವಾಗಿದ್ದದ್ದು ಲೆಕ್ಕವಲ್ಲ, ಸಂಖ್ಯೆಯ ಹೆಸರು. ಅದೇ ಲೆಕ್ಕವನ್ನು ಕನ್ನಡದಲ್ಲಿ ಮಾಡಿಸಿದಾಗ ತಪ್ಪಿಲ್ಲದೆ ಮಾಡಿದ.

ಕನ್ನಡವನ್ನು ಮಾತ್ರ ಬಿಡಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾವು ಎರಡು ವರ್ಷ ಬಿಟ್ಟೆವು, ಅವನು ಈಗ ಅಜ್ಜಿಯ ಮಾತಿಗೆ ಇಂಗ್ಲಿಷ್‌ನಲ್ಲಿ ಉತ್ತರಿಸುತ್ತಾನೆ.

ಉತ್ತರ 3 (ಭಾಷಾಶಾಸ್ತ್ರದ ವಿದ್ಯಾರ್ಥಿ)

ಮೇಲಿನವರ ಕೊನೆಯ ಮಾತಿಗೆ ಆಧಾರವಿದೆ. ಸ್ವೇನ್ ಮತ್ತು ಸಹೋದ್ಯೋಗಿಗಳು ಟೊರೊಂಟೊದ ಇಮ್ಮರ್ಶನ್ ವಿದ್ಯಾರ್ಥಿಗಳ ಬಗ್ಗೆ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಮಾತನ್ನು ಓದಲು ಬರೆಯಲು ಬಲ್ಲ ಮಕ್ಕಳು ಮೂರನೆಯ ಭಾಷೆಯಾದ ಫ್ರೆಂಚ್‌ನಲ್ಲಿ ಮುಂದಿದ್ದರು. ಕೇವಲ ಮಾತನಾಡುವುದರಿಂದಲ್ಲ, ಓದುಬರಹದಿಂದ ಈ ಲಾಭ ಬಂದಿತ್ತು ಎಂಬುದು ಗಮನಾರ್ಹ. ಹಾಗಾಗಿ ವಾರದಲ್ಲಿ ಒಂದೆರಡು ಸಂಜೆ ಕನ್ನಡ ಅಕ್ಷರಗಳಿಗೂ ಜಾಗವಿರಲಿ.

ಇನ್ನು ಉಚ್ಚಾರದ ವಿಷಯ. ಕನ್ನಡದ ಮಗುವಿಗೆ ಇಲ್ಲಿ ಇಂಗ್ಲಿಷ್ ಮಗುವಿಗಿಲ್ಲದ ಅನುಕೂಲವೊಂದಿದೆ. ಫ್ರೆಂಚ್‌ನ ತ ಮತ್ತು ದ ಧ್ವನಿಗಳು ನಮ್ಮ 'ತ', 'ದ'ಗಳಂತೆ ನಾಲಗೆ ಹಲ್ಲಿಗೆ ತಾಗಿ ಹುಟ್ಟುತ್ತವೆ, ಪ ಮತ್ತು ಕ ಕೂಡ ನಮ್ಮ ಅಲ್ಪಪ್ರಾಣಗಳಂತೆ ಉಸಿರು ಚೆಲ್ಲದೆ ಬರುತ್ತವೆ. ಹಿರಿಯರಿಗೆ 'ನೀವು', ಗೆಳೆಯರಿಗೆ 'ನೀನು' ಎಂಬ ಭೇದ ಫ್ರೆಂಚ್‌ನಲ್ಲಿಯೂ ಇದೆ. ಇಂಗ್ಲಿಷ್ ಮಕ್ಕಳಿಗೆ ಪಾಠ ಮಾಡಿ ಹೇಳಬೇಕಾದ ಇದನ್ನು ನಿಮ್ಮ ಮಗಳು ಮನೆಯಿಂದಲೇ ಕಲಿತು ಹೋಗಿದ್ದಾಳೆ. ಕಷ್ಟವಾಗುವುದು ಎರಡು ಕಡೆ. ನಾವು ಬಹುಮಟ್ಟಿಗೆ ನುಡಿದಂತೆ ಬರೆಯುವವರು, ಅಲ್ಲಿ 'ಬಾತೋ' ಎಂಬ ದೋಣಿಯ ಪದದ ಕೊನೆಯ 'ಓ'ಗೆ ಇ, ಎ, ಯು ಎಂದು ಮೂರು ಅಕ್ಷರಗಳು ಬೇಕು. ನಮ್ಮಲ್ಲಿ ಮೇಜು, ಪುಸ್ತಕ ಎಲ್ಲವೂ ನಪುಂಸಕ, ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಮಗಳೇ ನಮಗೆ ಪಾಠ ಮಾಡಿದಳು. ಅವಳ ತಂದೆ 'ಇಬೂ' ಎಂದು ನಾಲ್ಕು ಬಾರಿ ಹೇಳಿದ ಮೇಲಷ್ಟೇ ಅವರನ್ನು ಉತ್ತೀರ್ಣಗೊಳಿಸಿದಳು. ಇನ್ನೊಂದೇ ಸಂದೇಹ: ಗಂಡು ಹೆಣ್ಣು ಲಿಂಗದ ತಪ್ಪುಗಳನ್ನು ತರಗತಿಯಲ್ಲಿ ಅವಳು ಎಲ್ಲರ ಮುಂದೆ ಮಾಡಿದಾಗ ಶಿಕ್ಷಕರು ತಿದ್ದುತ್ತಾರೆಯೇ, ಬಿಟ್ಟುಬಿಡುತ್ತಾರೆಯೇ?

ಉತ್ತರ 4 (ಇಮ್ಮರ್ಶನ್ ಶಿಕ್ಷಕಿ)

ತಿದ್ದುತ್ತೇವೆ, ಆದರೆ ಹೇಗೆ ತಿದ್ದುತ್ತೇವೆ ಎಂಬುದು ಮುಖ್ಯ. ಮಗು ತಪ್ಪಾಗಿ ಹೇಳಿದ್ದನ್ನು ನಾವೇ ಸರಿಮಾಡಿ ಹೇಳಿ ಮುಂದೆ ಹೋಗುವುದು ನಮ್ಮೆಲ್ಲರ ಅಭ್ಯಾಸ. ಕೆನಡಾದ ಇಮ್ಮರ್ಶನ್ ತರಗತಿಗಳನ್ನು ಗಮನಿಸಿ ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಅವರು 1997ರಲ್ಲಿ ತೋರಿಸಿಕೊಟ್ಟಂತೆ, ಶಿಕ್ಷಕರ ತಿದ್ದುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯದೇ ಆಗಿದ್ದರೂ ಮಕ್ಕಳು ಅದಕ್ಕೆ ಸ್ಪಂದಿಸಿದ್ದು ಕಡಿಮೆ. ಶಿಕ್ಷಕರು ತಮ್ಮ ಮಾತನ್ನು ಒಪ್ಪಿಕೊಂಡರೋ ತಿದ್ದಿದರೋ ಎಂಬುದು ಅನೇಕ ವೇಳೆ ಮಕ್ಕಳಿಗೆ ತಿಳಿಯುವುದೇ ಇಲ್ಲ. ಅದನ್ನು ಓದಿದ ಮೇಲೆ ನಾನು ರೀತಿ ಬದಲಿಸಿದೆ. ಈಗ 'ತಾಬ್ಲ್', ಅಂದರೆ ಮೇಜು, ಎಂಬ ಹೆಣ್ಣು ಪದದ ಮುಂದೆ ಮಗು ಗಂಡು ಪದಕ್ಕೆ ಹಾಕುವ 'ಅಂ' ಎಂದರೆ, "ಅಂ ತಾಬ್ಲ್, ಅಥವಾ ಯೂನ್ ತಾಬ್ಲ್?" ಎಂದು ಕೇಳಿ ಸುಮ್ಮನಾಗುತ್ತೇನೆ. ಬಹಳಷ್ಟು ಸಲ ಮಗುವೇ ಯೋಚಿಸಿ ಸರಿಯಾದುದನ್ನು ಆರಿಸುತ್ತದೆ. 'ಕ್ವಾ ದ ನಫ್' ಸಮಯದಲ್ಲಿ ಮಾತ್ರ ನಡುವೆ ಬಾಯಿ ಹಾಕುವುದಿಲ್ಲ, ಅಲ್ಲಿ ಮಾತು ಮುಗಿಯುವವರೆಗೂ ಕಾಯುತ್ತೇನೆ.

ಮನೆಯಲ್ಲಿ ನೀವು ಇದರ ಹೊಣೆ ಹೊರುವುದು ಬೇಡ. ಬೇಕಿದ್ದರೆ ವಾರದ ಪದಗಳನ್ನು ನೀಲಿ ಮತ್ತು ಕೆಂಪು ಚೀಟಿಗಳಲ್ಲಿ ಬರೆಯಲು ಅವಳಿಗೇ ಹೇಳಿ, ಗಂಡು ಪದ ಯಾವ ಬಣ್ಣ, ಹೆಣ್ಣು ಪದ ಯಾವ ಬಣ್ಣ ಎಂಬುದನ್ನು ಅವಳೇ ನಿರ್ಧರಿಸಲಿ, ಪದದ ಜೊತೆ ಅದರ ಮುಂದಿನ 'ಅಂ' ಅಥವಾ 'ಯೂನ್' ಕೂಡ ಚೀಟಿಯಲ್ಲಿರಲಿ. ಗುರುವಾರ ರಾತ್ರಿ ಆ ಚೀಟಿಗಳನ್ನು ಕಲಸಿ ಹರಡಿ, ಅವಳು ಬೇರ್ಪಡಿಸುತ್ತ ಒಂದೊಂದನ್ನೂ ಗಟ್ಟಿಯಾಗಿ ಓದಿದರೆ ಶುಕ್ರವಾರದ ಉಕ್ತಲೇಖನಕ್ಕೆ ಅಷ್ಟು ತಯಾರಿ ಸಾಕು.