ಅಪ್‌ಡೇಟ್: ಕೊರಿಯಾದ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೋಗಲಾ ಅಂತ ಕೇಳಿದ್ದೆ

ಕೆನಡಾ ಪಾಸ್‌ಪೋರ್ಟ್ ಇದೆ, ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದೆ, ಅಲ್ಲಿನ ಮಕ್ಕಳ ಜೊತೆ ಖುಷಿಯಾಗಿ ಇರಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಬಂದೆ. ಸೋಲ್‌ನ ಒಂದು ಹಾಗ್ವಾನ್‌ನಲ್ಲಿ, ಅಂದರೆ ಖಾಸಗಿ ಟ್ಯೂಷನ್ ಕೇಂದ್ರದಲ್ಲಿ ಕಲಿಸುತ್ತಿದ್ದೇನೆ.

ಮಕ್ಕಳು ತುಂಬಾ ಪ್ರೀತಿ ತೋರಿಸುತ್ತಾರೆ. ಚಿಕ್ಕವರು ಓಡಿ ಬಂದು ಕೈ ಹಿಡಿಯುತ್ತಾರೆ, ವಯಸ್ಸೆಷ್ಟು, ಮದುವೆ ಆಗಿದೆಯಾ ಅಂತ ನೇರವಾಗಿ ಕೇಳುತ್ತಾರೆ.

ನೋವಾಗುವುದು ದೊಡ್ಡ ಮಕ್ಕಳನ್ನು ನೋಡಿದಾಗ. ಶಾಲೆ ಮುಗಿಸಿ ಒಂದರ ಹಿಂದೆ ಒಂದು ಹಾಗ್ವಾನ್. ಸೋಲ್‌ನಲ್ಲಿ ರಾತ್ರಿ 10ಕ್ಕೆ ಇವನ್ನು ಮುಚ್ಚಬೇಕು ಅಂತ ನಿಯಮವೇ ಇದೆ. ಅಂಥ ನಿಯಮ ಬೇಕಾಯಿತು ಅಂದರೆ ಎಷ್ಟು ಓದಿಸುತ್ತಾರೆ ನೋಡಿ! ಎಲ್ಲರ ಕಣ್ಣೂ ನವೆಂಬರ್‌ನ ಸುನುಂಗ್ ಮೇಲೆ, ಅದು ಕಾಲೇಜು ಪ್ರವೇಶ ಪರೀಕ್ಷೆ. ನಮ್ಮಲ್ಲಿ ಸಿಇಟಿ, ನೀಟ್ ಒತ್ತಡ ಕಂಡವರಿಗೆ ಅರ್ಥವಾಗುತ್ತದೆ, ಅಲ್ವಾ? ನಿದ್ದೆಗಣ್ಣಿನ ಹುಡುಗನಿಗೆ ಗ್ರಾಮರ್ ಹೇಳಲು ನನಗೆ ಮನಸ್ಸೇ ಬರುವುದಿಲ್ಲ. ಅಂಥ ದಿನ ಪುಸ್ತಕ ಮುಚ್ಚಿ ಸುಮ್ನೆ ಇಂಗ್ಲಿಷ್‌ನಲ್ಲಿ ಹರಟೆ ಹೊಡೆಯುತ್ತೇವೆ. ಆಗಲೇ ಅವರು ಜಾಸ್ತಿ ಮಾತಾಡುವುದು.

ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಟೀಚರ್‌ಗಳನ್ನು ಕರೆಸಿಕೊಳ್ಳಲು 1995ರಲ್ಲಿ ಶುರುವಾದ ಕೊರಿಯಾ ಸರ್ಕಾರದ ಎಪಿಕ್ ಯೋಜನೆಯಲ್ಲಿ ಸೇರಿದರೆ ಶಾಲೆಯಲ್ಲೇ ಕೆಲಸ, ಜೊತೆಗೆ ಕೊರಿಯನ್ ಟೀಚರ್ ಇರುತ್ತಾರೆ. ಈ ಹಾಗ್ವಾನ್ ಒಪ್ಪಂದ ಮುಗಿದ ಮೇಲೆ ಅಲ್ಲಿಗೆ ಅರ್ಜಿ ಹಾಕುತ್ತೇನೆ.