ಊರಲ್ಲಿ ಹಿರಿಯರ ಪರವಾಗಿ ಕೆಲಸ ಶುರು ಮಾಡೋದು ಎಲ್ಲಿಂದ? ಅನುಭವ ಇರೋರು ಹೇಳಿ

ಪ್ರಶ್ನೆ: ಅಂಗನವಾಡಿ ಟೀಚರ್, ತುಮಕೂರು–ಹಾಸನ ಗಡಿ ಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಮಹಿಳಾ ಸಂಘದ ಕೆಲವರು, ಇಬ್ಬರು ರಿಟೈರ್ಡ್ ಮೇಷ್ಟ್ರು, ಡೈರಿ ಸೆಕ್ರೆಟರಿ ಎಲ್ಲಾ ಸೇರಿ ಅಕ್ಟೋಬರ್ 1ಕ್ಕೆ ಹಿರಿಯ ನಾಗರಿಕರ ದಿನ ಮಾಡಿದ್ವಿ. ಶಾಲು, ಹಾರ, ಹಣ್ಣು, ಭಾಷಣ ಎಲ್ಲಾ ಆಯ್ತು. ಎದ್ದು ಹೋಗೋವಾಗ ಒಬ್ಬರು ಅಜ್ಜಿ, "ಶಾಲು ಚೆನ್ನಾಗೈತೆ ಕಣವ್ವ, ನನ್ ಪಿಂಚಣಿ ಯಾಕೆ ನಿಂತೋಯ್ತು ಅದನ್ನೇಳು" ಅಂದ್ರು. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ವಿಚಾರಿಸಿದ್ರೆ ಅಂಥವರು ಇನ್ನೂ ಸುಮಾರು ಜನ ಇದ್ದಾರೆ.

ಇನ್ನೊಬ್ಬರದು ಬೇರೆ ಕಥೆ. ಗಂಡ ತೀರಿಕೊಂಡ ಮೇಲೆ ಮನೆ, ತೋಟ ಎರಡನ್ನೂ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. ಈಗ ಅವರ ಮಂಚ ಕೊಟ್ಟಿಗೆ ಪಕ್ಕದ ಶೀಟಿನ ಚಪ್ಪರದಲ್ಲಿದೆ. ಊಟ ಕೊಡ್ತಾರೆ, ತಟ್ಟೆ ಹೊರಗಿಟ್ಟು ಹೋಗ್ತಾರೆ.

ನಾವು ಏನು ಮಾಡಬಹುದು? ಸಂಘ ನೋಂದಣಿ ಮಾಡಿಸಬೇಕಾ? "ಮನೆ ಜಗಳಕ್ಕೆ ತಲೆ ಹಾಕ್ತೀರಾ" ಅಂತ ಊರೆಲ್ಲ ಬೈಸಿಕೊಳ್ಳದೆ ಇದನ್ನ ಹೇಗೆ ನಿಭಾಯಿಸಿದ್ರಿ?

ನಿವೃತ್ತ ಶಿರಸ್ತೇದಾರ್, ಮೈಸೂರು

ಪಿಂಚಣಿಯಿಂದಲೇ ಶುರು ಮಾಡಿ ತಾಯಿ. ಅದರಲ್ಲಿ ಯಾರ ಮನೆ ಮಗನೂ ನಿಮ್ಮ ಮೇಲೆ ಜಗಳಕ್ಕೆ ಬರೋದಿಲ್ಲ, ಒಂದಿಬ್ಬರಿಗೆ ದುಡ್ಡು ಬಂದರೆ ಊರು ನಿಮ್ಮನ್ನು ನಂಬುತ್ತದೆ.

ಮೊದಲು ಯಾರಿಗೆ ಯಾವ ಪಿಂಚಣಿ ಅಂತ ವಿಂಗಡಿಸಿ. 60ರಿಂದ 64ರವರೆಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ, ತಿಂಗಳಿಗೆ 800 ರೂಪಾಯಿ. 65 ದಾಟಿದವರಿಗೆ 1,200. ಸಂಧ್ಯಾ ಸುರಕ್ಷಾ ಯೋಜನೆಯೂ 65 ತುಂಬಿದವರಿಗೇ, ಅದೂ 1,200. ಮಂಜೂರಾತಿ ಆದೇಶದ ನಂಬರು ಬಹಳ ಜನರ ಹತ್ತಿರ ಇರೋದೇ ಇಲ್ಲ. ಅದನ್ನು ನಾಡಕಚೇರಿಯಿಂದ ತೆಗೆಸಿಕೊಳ್ಳಿ.

"ನಿಂತಿದೆ" ಅನ್ನೋರಲ್ಲಿ ಎಷ್ಟೋ ಜನರ ದುಡ್ಡು ನಿಂತಿರೋದೇ ಇಲ್ಲ, ಇನ್ನೊಂದು ಖಾತೆಗೆ ಬೀಳ್ತಾ ಇರುತ್ತೆ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಸರ್ಕಾರದ ದುಡ್ಡು ಅಲ್ಲಿಗೆ ಹೋಗುತ್ತೆ. ಗ್ಯಾಸ್ ಸಬ್ಸಿಡಿಗೆ ಅಂತಲೋ ಯಾರೋ ಏಜೆಂಟ್ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡ ಅಂತಲೋ ತೆರೆದ ಖಾತೆ ಇರುತ್ತಲ್ಲ, ಅದು. ಪಾಸ್‌ಬುಕ್ಕೆಲ್ಲ ಎಂಟ್ರಿ ಹಾಕಿಸಿ ನೋಡಿ. ನಿಜವಾಗಿ ನಿಂತಿರೋರದ್ದು ಸಾಮಾನ್ಯವಾಗಿ ಮೂರು ಕಾರಣ: ಬಿಪಿಎಲ್ ಕಾರ್ಡ್ ರದ್ದಾಗಿರುತ್ತೆ, ಆಧಾರ್‌ನಲ್ಲಿ ವಯಸ್ಸು ಕಡಿಮೆ ಬಿದ್ದಿರುತ್ತೆ (ಹುಟ್ಟಿದ ದಿನ ಗೊತ್ತಿಲ್ಲದೆ ಜನವರಿ 1 ಅಂತ ಬರೆಸಿದ ತಲೆಮಾರು ಅದು), ಇಲ್ಲವೇ ಪರಿಶೀಲನೆಗೆ ಬಂದಾಗ ಅಜ್ಜಿ ಮಗಳ ಮನೆಗೆ ಹೋಗಿದ್ದು "ಸ್ಥಳದಲ್ಲಿ ವಾಸವಿಲ್ಲ" ಅಂತ ವರದಿ ಹೋಗಿರುತ್ತೆ. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ದಾಖಲೆ. ಎಲ್ಲರದ್ದನ್ನೂ ಸೇರಿಸಿ ಒಂದೇ ಮನವಿ ಪತ್ರ ಕೊಟ್ಟರೆ ಅದು ಫೈಲಿನಲ್ಲಿ ಸೇರಿಕೊಂಡು ಮಲಗುತ್ತೆ. ಒಬ್ಬೊಬ್ಬರದ್ದೂ ಬೇರೆ ಬೇರೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡೋಕೆ ಮಾತ್ರ ಎಲ್ಲರೂ ಒಟ್ಟಿಗೆ ಹೋಗಿ. ಹೋಬಳಿಯಲ್ಲಿ ಪಿಂಚಣಿ ಅದಾಲತ್ ಇಟ್ಟರೆ ಆವತ್ತಿನ ದಿನ ಬಿಡಲೇಬೇಡಿ.

ಸ್ವಸಹಾಯ ಸಂಘದವರು, ಧಾರವಾಡ ಕಡೆ

ಶಿರಸ್ತೇದಾರ್ ಸಾಹೇಬ್ರು ಹೇಳಿದ್ದು ಖರೇ ಐತಿ. ಆದ್ರ ಬರೇ ಕಾಗದ ಸರಿ ಮಾಡಿಸ್ಕೋತ ಕುಂತ್ರ ಮುಗೀತೇನ್ರಿ? 1,200 ರೂಪಾಯಿದಾಗ ಬಿ.ಪಿ. ಗುಳಿಗಿ ತಗೋಬೇಕೋ, ಚಾಪುಡಿ ತಗೋಬೇಕೋ? ಕೇಂದ್ರ ಸರಕಾರದ ಪಾಲು ಎಷ್ಟಂತ ನಿಮ್ಮೂರಾಗ ಕೇಳಿ ನೋಡ್ರಿ, ಯಾರಿಗೂ ಗೊತ್ತಿರಂಗಿಲ್ಲ. 79ರ ತನಕ ತಿಂಗಳಿಗೆ 200, 80 ದಾಟಿದ್ರ 500. ವರ್ಷಾನುಗಟ್ಟಲೆ ಅದು ಅಲ್ಲೇ ನಿಂತೈತಿ. ಉಳಿದದ್ದು ರಾಜ್ಯದ್ದು. ಪಿಂಚಣಿ ಪರಿಷತ್ ಅಂತ ಹೋರಾಟಗಾರರಾದ ಅರುಣಾ ರಾಯ್, ಬಾಬಾ ಆಢಾವ್ ಅವರೆಲ್ಲ ಕೂಡಿ ಕಟ್ಟಿದ್ರಲ್ಲ, ಅವರು ಕೇಳಿದ್ದು ಕನಿಷ್ಠ ಕೂಲಿಯ ಅರ್ಧದಷ್ಟರ ಪಿಂಚಣಿ ಕೊಡ್ರಿ ಅಂತ. ಜೀವಮಾನ ಪೂರ್ತಿ ಹೊಲದಾಗ ದುಡದಾರಕಿ, ಆಕಿ ಕೇಳೂದು ಭಿಕ್ಷೆ ಅಲ್ಲ.

ನಾವು ಮಾಡಿದ್ದು ಇಷ್ಟ. ಗ್ರಾಮಸಭಾದಾಗ ಮುದುಕ್ಯಾರನ್ನ ಮುಂದ ಕುಂದ್ರಿಸಿದ್ವಿ, ಮಾತು ಅವರ ಕಡೆಯಿಂದನ ಆಡಿಸಿದ್ವಿ. ನಾವು ಮೈಕ್ ಹಿಡೀಲಿಲ್ಲ. "ನನಗ ಐದು ತಿಂಗಳಾತು ಬಂದಿಲ್ಲ, ಯಾಕ?" ಅಂತ ಒಬ್ಬಾಕಿ ಎದ್ದು ಕೇಳಿದಮ್ಯಾಲ ಹಿಂದ ಕುಂತಾಕೀನೂ ಎದ್ಲು. ಠರಾವು ಬರಸ್ರಿ, ನಡಾವಳಿ ಪ್ರತಿ ಕೇಳಿ ಇಸ್ಕೋರಿ.

ಸಾಮಾನ್ಯ ಓದುಗ, ಮಂಡ್ಯ

ಒಂದು ಸಣ್ಣ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಅಜ್ಜಿಯರು ತಾಲ್ಲೂಕು ಕಚೇರಿಗೆ ಬಸ್ ಚಾರ್ಜ್ ಇಲ್ಲದೆ ಹೋಗಿ ಬರ್ತಾರೆ. ತಾತಂದಿರಿಗೆ ಟಿಕೆಟ್ ತಗೋಬೇಕು, 60 ದಾಟಿದ್ರೆ ಶೇ 25 ರಿಯಾಯಿತಿ ಅಷ್ಟೆ. ನಮ್ಮ ಕಡೆ ಗಂಡಸರ ಅರ್ಜಿ ಹಿಡ್ಕೊಂಡು ಹೋಗೋರೂ ಅಜ್ಜಿಯರೇ ಕಣ್ರೀ! ಇನ್ನು ಗೃಹಲಕ್ಷ್ಮಿ 2,000 ರೇಷನ್ ಕಾರ್ಡಲ್ಲಿ ಯಜಮಾನಿ ಅಂತ ಇರೋ ಅತ್ತೆ ಹೆಸರಿಗೆ ಬಂದು ಕೆಲವು ಮನೇಲಿ ಅತ್ತೆಗೆ ಕಾಫಿ ಟೈಮಿಗೆ ಸರಿಯಾಗಿ ಬರೋಕೆ ಶುರುವಾಯ್ತು. ಕೆಲವು ಮನೇಲಿ ಎಟಿಎಂ ಕಾರ್ಡೇ ಕಾಣೆಯಾಯ್ತು. ಕಾರ್ಡ್ ಯಾರ ಹತ್ರ ಇದೆ ಅಂತ ಕೇಳೋದನ್ನ ಮರೀಬೇಡಿ.

ವಕೀಲೆ, ಶಿವಮೊಗ್ಗ

ದಾನಪತ್ರದ ಪ್ರಶ್ನೆಗೆ ಬರ್ತೀನಿ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ನಮ್ಮಲ್ಲಿ ಇದರ ನ್ಯಾಯಮಂಡಳಿ ನಡೆಸೋದು ಉಪವಿಭಾಗಾಧಿಕಾರಿ, ಜನ "ಎಸಿ ಕೋರ್ಟ್" ಅಂತಾರೆ. ಮೇಲ್ಮನವಿ ಜಿಲ್ಲಾಧಿಕಾರಿ ಹತ್ತಿರ, 60 ದಿನದೊಳಗೆ. ವಕೀಲರಿಲ್ಲದೆ ಬಿಳಿ ಹಾಳೆ ಮೇಲೆ ಬರೆದುಕೊಟ್ಟೇ ಶುರು ಮಾಡಬಹುದು. (ನನ್ನ ವೃತ್ತಿಗೆ ನಷ್ಟ, ಆದರೂ ಹೇಳ್ತಿದ್ದೀನಿ.) ನೋಟಿಸ್ ಜಾರಿಯಾದ ಮೇಲೆ 90 ದಿನದಲ್ಲಿ ಇತ್ಯರ್ಥ ಆಗಬೇಕು, ಇನ್ನೊಂದು 30 ದಿನ ವಿಸ್ತರಿಸಬಹುದು ಅಂತ ಕಾಯ್ದೆ ಹೇಳುತ್ತೆ. ನಡೆಯೋದು ಸಾಮಾನ್ಯವಾಗಿ ಅದಕ್ಕಿಂತ ನಿಧಾನ. ಜೀವನಾಂಶದ ಮಿತಿ ತಿಂಗಳಿಗೆ 10,000.

ಸಂಘ ನೋಂದಣಿ ಆಗಿದ್ದರೆ ನಿಜವಾಗಿ ಉಪಯೋಗ ಇದೆ. ಹಿರಿಯರು ತಾವೇ ಬರಲಾಗದಿದ್ದಾಗ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು, ಸೆಕ್ಷನ್ 5. ಮಕ್ಕಳಿಲ್ಲದವರೂ ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಅದು ಯಾರಿಗೆ ಸೇರುತ್ತೋ ಆ ಸಂಬಂಧಿಕರಿಂದ ಜೀವನಾಂಶ ಕೇಳಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಳ್ಳಿಯಲ್ಲಿ ಅಂಥ ಚಿಕ್ಕಮ್ಮ, ಸೋದರತ್ತೆಯರು ಒಬ್ಬರಾದರೂ ಇರ್ತಾರೆ.

ದಾನಪತ್ರ ರದ್ದಿಗೆ ಸೆಕ್ಷನ್ 23. ತೊಡಕು ಇರೋದೇ ಇಲ್ಲಿ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯಾದರೆ, ನೋಡಿಕೊಳ್ಳದಿದ್ದಾಗ ಹಿಂಪಡೆಯಬಹುದು. ಆದರೆ ನಮ್ಮ ಪತ್ರಬರಹಗಾರರು "ಪ್ರೀತಿ ವಿಶ್ವಾಸದಿಂದ" ಅಂತ ಬರೆದು ಮುಗಿಸಿಬಿಡ್ತಾರೆ, ಷರತ್ತು ಎಲ್ಲೂ ಇರಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಸುದೇಶ್ ಛಿಕಾರಾ ಪ್ರಕರಣದಲ್ಲಿ ಷರತ್ತು ಇತ್ತೆಂದು ತೋರಿಸದೆ ರದ್ದು ಮಾಡಲಾಗದು ಅಂತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತು, ಅಲ್ಲಿ ನೋಡಿಕೊಳ್ತೀನಿ ಅನ್ನೋ ಬರಹ ಇತ್ತು. ಹಾಗಾಗಿ ಆ ಅಜ್ಜಿಯ ದಾನಪತ್ರದ ದೃಢೀಕೃತ ನಕಲನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ, ಪ್ರತಿ ಸಾಲು ಓದಿಸಿ. ಅದರ ಜೊತೆ ಬೇರೆ ಕರಾರು, ಪಂಚಾಯ್ತಿ ಚೀಟಿ ಏನಾದರೂ ಬರೆಸಿದ್ದರಾ ಅಂತ ಕೇಳಿ.

ಇನ್ನೂ ಬರೆದುಕೊಡದವರಿಗೆ ಒಂದೇ ಮಾತು: ವಿಲ್ ಬರೀರಿ, ದಾನಪತ್ರ ಬೇಡ. ವಿಲ್ ಬದುಕಿರೋ ತನಕ ಬದಲಾಯಿಸಬಹುದು. ದಾನಪತ್ರವೇ ಆಗಬೇಕು ಅಂತ ಮಗ ಹಟ ಹಿಡಿದರೆ ಜೀವ ಇರೋವರೆಗೆ ವಾಸದ ಹಕ್ಕು ತಮ್ಮದು, ಊಟ-ಔಷಧಿ ಮಗನ ಹೊಣೆ ಅಂತ ಅದರಲ್ಲೇ ಬರೆಸಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಸಹಾಯವಾಣಿ 15100.

ಆಸ್ಪತ್ರೆಯಲ್ಲಿ ಸಮಾಜಕಾರ್ಯ ಮಾಡುವವರು, ಉತ್ತರ ಕರ್ನಾಟಕ

ಕಾಯ್ದೆ ಎಲ್ಲಾ ಸರಿ ಮೇಡಂ, ಆದರೆ ಕೇಸ್ ಹಾಕೋಕೆ ಒಪ್ಪೋರು ಯಾರು? 2025ರಲ್ಲಿ ಬೆಳಗಾವಿಯ ಸರ್ಕಾರಿ ಆಸ್ಪತ್ರೆ ಬಿಮ್ಸ್ ಒಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನ ಮಕ್ಕಳು ಬಿಟ್ಟುಹೋಗಿದ್ದಾರೆ ಅಂತ ಸಚಿವ ಶರಣಪ್ರಕಾಶ ಪಾಟೀಲರು ಹೇಳಿದರು, ಅಂಥ ಮಕ್ಕಳ ಮೇಲೆ ದೂರು ಕೊಡಿ ಅಂದರು. ಪೇಪರಿನಲ್ಲಿ ಓದಿದವರಿಗೆ ಸಿಟ್ಟು ಬಂತು. ನನ್ನ ವಾರ್ಡಿನಲ್ಲಿ ಮಲಗಿರೋ ತಾಯಿ ಮಾತ್ರ, "ಅವಂಗೇನೋ ತ್ರಾಸ ಇರಬೇಕ್ರಿ, ಕೇಸ್ ಬ್ಯಾಡ" ಅಂತಾಳೆ. ವಿಳಾಸ ಬೇಕಂತಲೇ ತಪ್ಪು ಹೇಳ್ತಾರೆ, ಪೊಲೀಸರು ಮಗನ ಮನೆ ಬಾಗಿಲಿಗೆ ಹೋಗಬಾರದು ಅಂತ.

ಅದಕ್ಕೆ ನಾನು ಕಾಯ್ದೆ ಮೊದಲು ಹೇಳೋದಿಲ್ಲ. ಮಗ-ಸೊಸೆ ಇಲ್ಲದ ಹೊತ್ತಿನಲ್ಲಿ ಒಬ್ಬರೇ ಕೂತು, "ನಿಮಗೆ ಏನಾದರೆ ಸಾಕು?" ಅಂತ ಕೇಳ್ತೀನಿ. ಆಸ್ತಿ ವಾಪಸ್ ಬೇಕು ಅನ್ನೋರು ಕಡಿಮೆ. ಹೆಚ್ಚಿನವರು ಕೇಳೋದು ಕನ್ನಡಕ, ಮೊಮ್ಮಕ್ಕಳ ಜೊತೆ ಮಾತು, ಕತ್ತಲಲ್ಲಿ ಬೀಳದ ಹಾಗೆ ಬಚ್ಚಲಿಗೆ ಒಂದು ಬಲ್ಬು. ಇದನ್ನ ಕೇಳದೆ ಊರಿನ ಯುವಕರೆಲ್ಲ ಸೇರಿ ಮಗನನ್ನ ಚಾವಡಿಗೆ ಎಳೆದರೆ ಆವತ್ತು ಚಪ್ಪಾಳೆ ಬೀಳುತ್ತೆ, ರಾತ್ರಿ ಆ ಮನೇಲಿ ಇರಬೇಕಾದವಳು ಅಜ್ಜಿ. ಆದರೆ ಹೊಡೆತ, ಊಟ ಕೊಡದಿರೋದು ಇದ್ದರೆ ಕಾಯಬೇಡಿ. ಹಿರಿಯರ ಸಹಾಯವಾಣಿ 14567 ಎಲ್ಡರ್‌ಲೈನ್‌ಗೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಮಾಡಬಹುದು. ರಾತ್ರಿ 8 ಆದ ಮೇಲೆ ತುರ್ತು ನಂಬರು 112.

ಒಬ್ಬ ಸೊಸೆ, ಊರು ಬೇಡ

ಇಷ್ಟು ಹೊತ್ತೂ ಸೊಸೆಯಂದಿರೆಲ್ಲ ರಾಕ್ಷಸಿಯರು ಅನ್ನೋ ಹಾಗೆ ಓದ್ತಾ ಬಂದೆ. ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಬದಲಾಯಿಸೋದು ಯಾರು? ಪ್ರಚಾರಕ್ಕೆ ಬರೋರು ಮಗನ ಹತ್ರ ಮಾತಾಡಿ ಹೋಗ್ತಾರೆ, ಕೆಲಸ ನನ್ನ ತಲೆಗೆ. ನಿಮ್ಮ ಸಂಘ ಏನಾದರೂ ಮಾಡೋದಿದ್ದರೆ ಮಧ್ಯಾಹ್ನ ಎರಡು ಗಂಟೆ ಒಬ್ಬರು ಬಂದು ಅತ್ತೆ ಪಕ್ಕ ಕೂರಲಿ, ನಾನು ಬ್ಯಾಂಕಿಗೋ ತವರಿಗೋ ಹೋಗಿ ಬರ್ತೀನಿ.

ಇನ್ನೊಂದು. ಇದೇ ಕಾಯ್ದೆ ಹಿಡಿದು ಸೊಸೆಯನ್ನ ಮನೆಯಿಂದ ಹಾಕೋದೂ ಇದೆ. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೆಂಗಸಿಗಿರೋ ವಾಸದ ಹಕ್ಕನ್ನ ಹಿರಿಯರ ಕಾಯ್ದೆಯ ಹೆಸರಲ್ಲಿ ಸುಮ್ಮನೆ ಅಳಿಸೋಕೆ ಆಗಲ್ಲ ಅಂತ. ಅಜ್ಜಿಯ ಮಾತು ಕೇಳಿ, ಸೊಸೆಯ ಮಾತೂ ಕೇಳಿ.

ಮಂಗಳೂರಿನಿಂದ

ಸೊಸೆ ಅವರು ಹೇಳಿದ್ದು ಸರಿ ಉಂಟು ಮಾರಾಯ್ರೆ. ನಾವು ಚರ್ಚ್, ದೇವಸ್ಥಾನ, ಮಸೀದಿ ಮೂರೂ ಕಡೆಯ ಹೆಂಗಸರು ಸೇರಿ ಪಾಳಿ ಹಾಕಿಕೊಂಡು ಅದನ್ನೇ ಮಾಡುವುದು. ಮಕ್ಕಳೆಲ್ಲ ಗಲ್ಫಿನಲ್ಲಿ, ಇಲ್ಲಿ ದೊಡ್ಡ ಮನೆ, ಅದರಲ್ಲಿ ಒಬ್ಬರೇ. ದುಡ್ಡಿಗೆ ಕಮ್ಮಿ ಇಲ್ಲ, ಮಾತಿಗೆ ಜನ ಇಲ್ಲ.

ಇನ್ನು ವೃದ್ಧಾಶ್ರಮ. ಬಡ ಹಿರಿಯರಿಗೆ ಜಿಲ್ಲೆಗೊಂದಾದರೂ, 150 ಜನ ಹಿಡಿಸುವಂಥ ವೃದ್ಧಾಶ್ರಮ ಸರಕಾರ ಹಂತ ಹಂತವಾಗಿ ಮಾಡಬಹುದು ಅಂತ ಸೆಕ್ಷನ್ 19ರಲ್ಲಿ ಉಂಟು. "ಮಾಡಬಹುದು" ಅಂತ, "ಮಾಡಲೇಬೇಕು" ಅಂತ ಅಲ್ಲ. ಅದಕ್ಕೇ ಕೇಳುವವರು ಬೇಕು. ನಿಮ್ಮ ಜಿಲ್ಲೆಯಲ್ಲಿ ಏನುಂಟು ಅಂತ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಮಾಹಿತಿ ಹಕ್ಕಿನಡಿ ಕೇಳಿ. ಖಾಸಗಿ ಆಶ್ರಮ ನೋಡಲು ಹೋದರೆ ಮೊದಲು ಊಟದ ಹಾಲ್ ಅಲ್ಲ, ಶೌಚಾಲಯ ನೋಡಿ. ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಮರೆವಿನ ಕಾಯಿಲೆ ಬಂದರೆ ಏನು, ಬಿಟ್ಟು ಹೋಗುವುದಾದರೆ ಡೆಪಾಸಿಟ್ ಯಾವಾಗ ಎಷ್ಟು ವಾಪಸ್ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈ ಮುಗಿದೆ. ಪಾಸ್‌ಬುಕ್ ಎಂಟ್ರಿ ಹಾಕಿಸ್ತಿದ್ದೀವಿ. ಶಾಲಿನ ಅಜ್ಜಿಯ ದುಡ್ಡು ನಿಂತೇ ಇರಲಿಲ್ಲ, ಯಾವತ್ತೋ ತೆರೆಸಿದ ಅಂಚೆ ಖಾತೆಗೆ ಬೀಳ್ತಿತ್ತು. ಸೊಸೆ ಅಕ್ಕ ಹೇಳಿದ ಹಾಗೆ ಮಧ್ಯಾಹ್ನದ ಪಾಳಿಗೆ ನಾಲ್ಕು ಹೆಂಗಸರು ಹೆಸರು ಕೊಟ್ಟಿದ್ದಾರೆ.

ಚಪ್ಪರದ ಅಜ್ಜಿಯನ್ನ ಒಬ್ಬರೇ ಇದ್ದಾಗ ಕೇಳಿದೆ. ಮನೆ ವಾಪಸ್ ಬೇಡವಂತೆ. ಒಳಗಿನ ಸಣ್ಣ ಕೋಣೆ ಬೇಕು, ಅದಕ್ಕೆ ಒಳಗಡೆಯಿಂದ ಚಿಲಕ ಬೇಕು, ಪಿಂಚಣಿ ಪಾಸ್‌ಬುಕ್ ತನ್ನ ಟ್ರಂಕಿನಲ್ಲಿರಬೇಕು, ಊಟ ಎಲ್ಲರ ಜೊತೆ ಕೂತು. ಎಸಿ ಕೋರ್ಟಿನಲ್ಲಿ ದುಡ್ಡು ಬಿಟ್ಟು ಇಂಥದ್ದನ್ನ ಕೇಳೋಕೆ ಆಗುತ್ತಾ?

ವಕೀಲೆ, ಶಿವಮೊಗ್ಗ

ಆಗುತ್ತೆ. ಪೋಷಣೆ ಅಂದರೆ ಊಟ, ಬಟ್ಟೆ, ವಾಸ, ವೈದ್ಯಕೀಯ ಆರೈಕೆ ಎಲ್ಲಾ ಸೇರಿದ್ದು ಅಂತ ಕಾಯ್ದೆಯ ವ್ಯಾಖ್ಯೆಯೇ ಇದೆ. ವಿಚಾರಣೆಗೆ ಮೊದಲು ಸಂಧಾನಾಧಿಕಾರಿಗೆ ಕಳಿಸೋಕೂ ಅವಕಾಶ ಇದೆ, ರಾಜಿಗೆ ಒಂದು ತಿಂಗಳು ಗಡುವು. ಕೋಣೆ, ಚಿಲಕ, ಪಾಸ್‌ಬುಕ್, ಊಟ ಇವನ್ನೆಲ್ಲ ಅಜ್ಜಿ ಹೇಳಿದ ಮಾತಿನಲ್ಲೇ ಬರೆಯಿರಿ, ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿ. ರಾಜಿ ಆದರೆ ಬಾಯಿಮಾತಲ್ಲಿ ಬಿಡಬೇಡಿ, ಆದೇಶದಲ್ಲಿ ಬರಬೇಕು. ಅದಕ್ಕೂ ಮುಂಚೆ ಮಗನ ಜೊತೆ ಒಂದು ಸಲ ಸೌಮ್ಯವಾಗಿ ಮಾತಾಡಿ ನೋಡೋದಾದರೆ ಡೈರಿ ಸೆಕ್ರೆಟರಿಯನ್ನ ಕಳಿಸಿ, ನೀವು ಹೋಗಬೇಡಿ. ಹಾಲು ಹಾಕೋಕೆ ಅವನು ದಿನಾ ಅವರ ಮುಂದೆ ಬರಲೇಬೇಕಲ್ಲ.